ಸದ್ದಿನ ಪಾಲು

ಮೂವರೂ ಸೇರಿ ಆರು ಹಾಡು ರೆಕಾರ್ಡ್ ಮಾಡಿಸೋಣವೆಂದು ನಿಶ್ಚಯವಾದ ದಿನ ಖರ್ಚಿನ ಮಾತು ಕಾಲು ಗಂಟೆಯಲ್ಲೇ ಮುಗಿದಿತ್ತು. ಸ್ಟುಡಿಯೋ ಬಾಡಿಗೆ, ಊಟ, ಹೋಗಿಬರುವ ಖರ್ಚು ಎಲ್ಲವೂ ಮೂರು ಸಮಪಾಲು. ಹಾಡುವವಳು ಬಟ್ಟೆ ಹೊಲಿಯುವ ಅಕ್ಕ. ಪಿಟೀಲು ನುಡಿಸುವವರು ಕೆಲಸದಿಂದ ನಿವೃತ್ತರಾದ ಲೆಕ್ಕದ ಮೇಷ್ಟ್ರು. ಡೋಲಿನವನು ಟೈರ್ ಅಂಗಡಿಯವನು. ಅವನ ಕೈಯ ಬಲಕ್ಕೆ ಜನ ಇಟ್ಟ ಹೆಸರು ಗುಡುಗಪ್ಪ. ಲೆಕ್ಕದ ಮೇಷ್ಟ್ರೇ ಜೊತೆಯಲ್ಲಿದ್ದ ಮೇಲೆ ದುಡ್ಡಿನ ಪಾಲು ಕೂದಲೆಳೆಯಷ್ಟೂ ತಪ್ಪಲಿಲ್ಲ. ಯಾವ ಹಾಡಿನಲ್ಲಿ ಯಾರ ಸದ್ದು ಎಷ್ಟು ಎಂದು ಮಾತ್ರ ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಸ್ಟುಡಿಯೋ ಎಂದರೆ ಹಳೆಯ ಗೋದಾಮಿನ ಹಿಂದಿನ ಕೋಣೆ. ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು, ಫ್ಯಾನು ಹಾಕುವಂತಿರಲಿಲ್ಲ. ಐದು ಹಾಡು ಸಲೀಸಾಗಿ ಮುಗಿದವು. ಆರನೆಯದು ಅಕ್ಕನ ಅವ್ವ ಹೊಲಿಗೆ ಮೆಷಿನ್ ತುಳಿಯುತ್ತ ತಾನೇ ಕಟ್ಟಿದ ಜೋಗುಳ. ಅದನ್ನು ಹಾಡಿ ಮುಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಕ್ಕ ಕೇಳಿದಳು. ಡೋಲು ಚೆನ್ನಾಗಿಯೇ ಇತ್ತು, ಆದರೆ ಅದರಡಿಯಲ್ಲಿ ಹಾಡಿನ ಮಾತು ಮಾತಾಗಿ ಉಳಿದಿರಲಿಲ್ಲ. ಅವ್ವನಿಗೆ ಈಗ ಒಂದೇ ಕಿವಿ, ಅದೂ ಅರ್ಧ. ಹಿಂದೆ ಸದ್ದಿದ್ದರೆ ಎದುರಿಗೆ ಕೂತವರ ಮಾತೂ ಅವಳಿಗೆ ಬರಿ ಗುಂಯ್. ತಾನು ಕಟ್ಟಿದ ಹಾಡನ್ನು ಅವಳು ಒಂದು ಸಲ ಕೇಳಿಸಿಕೊಳ್ಳಲಿ ಎಂದೇ ಅಕ್ಕ ಈ ಕೆಲಸಕ್ಕೆ ಕೈಹಾಕಿದ್ದು. ಇದನ್ನು ಮಾತ್ರ ಯಾರಿಗೂ ಬಾಯಿಬಿಟ್ಟಿರಲಿಲ್ಲ.

"ಇನ್ನು ಮುಕ್ಕಾಲು ಗಂಟೆ ಇದೆ," ಎಂದ ಸ್ಟುಡಿಯೋದವನು ಗಾಜಿನಾಚೆಯಿಂದ.

ಅಕ್ಕ ಗಂಟಲು ಸರಿಮಾಡಿಕೊಂಡಳು. "ಗುಡುಗಪ್ಪ, ಇದೊಂದನ್ನ ಡೋಲು ಇಲ್ದೆ ಹಾಡ್ಲಾ?"

"ಯಾಕಕ್ಕ, ತಾಳ ತಪ್ಪಿದ್ನಾ?"

"ತಪ್ಪೋದೇನು, ಗಡಿಯಾರ ಇದ್ದಂಗಿತ್ತು."

"ಮತ್ತೆ? ನಾನೂ ಪಾಲು ಕೊಟ್ಟಿದ್ದೀನಲ್ಲ. ಆರು ಹಾಡಲ್ಲೂ ನಾನಿದ್ದೀನಿ ಅಂತ ಹೆಂಡ್ತಿ ಬೀದಿಗೆಲ್ಲ ಸಾರಿ ಬಂದಿದ್ದಾಳೆ. ಈಗ ಐದು ಅಂದ್ರೆ ಊಟ ಬಡಿಸ್ತಾಳಾ?"

ಅಕ್ಕನಿಗೆ ಏನು ತೋಚಿತೋ. "ಈ ಹಾಡಿನ ನಿನ್ನ ಪಾಲು ನಾನೇ ಕೊಟ್ಬಿಡ್ತೀನಪ್ಪ," ಎಂದಳು.

ಮೇಷ್ಟ್ರು ಪಿಟೀಲನ್ನು ಮೆಲ್ಲಗೆ ತೊಡೆಯ ಮೇಲಿಟ್ಟರು. ಗುಡುಗಪ್ಪ ಮುಖ ತಿರುಗಿಸಿ ಡೋಲಿನ ಹಗ್ಗ ಬಿಗಿ ಮಾಡತೊಡಗಿದ. ಬಿಗಿಯಾಗಿದ್ದದ್ದನ್ನೇ ಮತ್ತೆ ಬಿಗಿದ. "ನಿಮ್ಮ ಹತ್ರ ನಾನು ಕೂಲಿಗೆ ಬಂದಿದ್ದೀನಾ ಅಕ್ಕ?" ಎಂದ, ತುಂಬ ಸಣ್ಣ ದನಿಯಲ್ಲಿ. ಆ ದನಿ ಅವನಿಗೆ ಒಪ್ಪುತ್ತಲೇ ಇರಲಿಲ್ಲ.

ಗಾಯಕ್ಕೆ ಉಪ್ಪು ಹಾಕಿದೆನೆಂದು ಅಕ್ಕನಿಗೆ ಆಗ ಗೊತ್ತಾಯಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವ್ವನ ಕಿವಿಯ ವಿಷಯ, ಹಾಡು ಹುಟ್ಟಿದ ವಿಷಯ ಎಲ್ಲ ಹೇಳಿದಳು.

"ಮೊದ್ಲೇ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಅವನು ಗದರಿಯೇ ಗದರಿದ. "ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಇದಕ್ಕೊಂದು ಕಾಲಂ ಇರ್ಲಿಲ್ವಾ?"

"ಕೇಳ್ಬೇಕು ಅಂತ ನನಗೂ ಹೊಳೀಲಿಲ್ಲ ಮಾರಾಯ. ನನ್ನದೂ ತಪ್ಪು," ಎಂದರು ಮೇಷ್ಟ್ರು.

ಗುಡುಗಪ್ಪ ಡೋಲನ್ನು ಹೊರಗೆ ಸಾಗಿಸಿ, ತಾನೂ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತ. ಮೇಷ್ಟ್ರು ಒಂದೇ ತಂತಿಯನ್ನು ಎಳೆದೂ ಎಳೆಯದಂತೆ ಎಳೆದರು. ಅಕ್ಕ ಹಾಡಿದಳು.

ಭಾನುವಾರ ಗುಡುಗಪ್ಪ ಅವಳ ಮನೆಗೆ ತಾನಾಗಿಯೇ ಬಂದ. "ಯಾವ ಕಿವಿಗೋಸ್ಕರ ನಾನು ಹೊರಗೆ ಕೂತೆ ಅಂತ ನೋಡ್ಬೇಕಲ್ಲ," ಎಂದ. ನಗುತ್ತಲೇ ಅಂದರೂ ಮುಖದಲ್ಲಿ ಇನ್ನೂ ಸ್ವಲ್ಪ ಬಿಗುವಿತ್ತು.

ಅಕ್ಕ ಅವ್ವನನ್ನು ಕಿಟಕಿಯ ಬಳಿ ಕೂರಿಸಿ, ಫೋನನ್ನು ಒಳ್ಳೆಯ ಕಿವಿಗೆ ಹಿಡಿದಳು. ಹಾಡು ಶುರುವಾಯಿತು. ಮುದುಕಿಯ ಮುಖದಲ್ಲಿ ಏನೂ ಕಾಣಲಿಲ್ಲ. ಮೊದಲ ನುಡಿ ಮುಗಿಯಿತು. ಎರಡನೆಯ ನುಡಿ ಶುರುವಾಗುತ್ತಿದ್ದಂತೆ ಮುದುಕಿ ಹುಬ್ಬು ಗಂಟಿಕ್ಕಿ ಫೋನನ್ನು ತಳ್ಳಿದಳು.

"ಕೇಳಿಸ್ಲಿಲ್ವಾ ಅವ್ವ?"

"ಕೇಳಿಸ್ದೆ ಏನು! ನಡುವಿನ ನುಡಿ ಎಲ್ಲಿ? ನುಂಗಿಬಿಟ್ಯಾ?"

"ಎರಡೇ ನುಡಿ ಅಲ್ವಾ ಇರೋದು?"

"ಮೂರು ಕಣೇ. ನಡುವಿಂದು ನಿನ್ನ ಕಣ್ಣು ಮುಚ್ಚಿದ ಮೇಲೇನೇ ಹೇಳ್ತಿದ್ದೆ. ಕಡೇದನ್ನ ಹೇಳೋದು ನೀನು ಮತ್ತೆ ಎದ್ದು ಹಟ ಹಿಡಿದಾಗ. ನಿನಗೆಲ್ಲಿಂದ ಗೊತ್ತಿರುತ್ತೆ?" ಎಂದು ಅವ್ವ, ಹೇಳೆಂದು ಯಾರೂ ಕೇಳದಿದ್ದರೂ, ಒಡಕು ದನಿಯಲ್ಲಿ ಆ ನುಡಿಯನ್ನು ಹೇಳಿಯೇಬಿಟ್ಟಳು. ಐವತ್ತೆರಡು ವರ್ಷವಾದರೂ ಅಕ್ಕ ಕೇಳಿರದ ನಾಲ್ಕು ಸಾಲು.

ಗುಡುಗಪ್ಪ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡು, ಮೇಷ್ಟ್ರಿಗೆ ಫೋನ್ ಹಚ್ಚಿದ. "ಮೇಷ್ಟ್ರೇ, ಸ್ಟುಡಿಯೋ ಇನ್ನೊಂದು ಗಂಟೆ ಬೇಕು. ಹ್ಞೂಂ, ಅದೇ ಹಾಡಿಗೆ. ಇಲ್ಲ, ನಾನು ಬಾರ್ಸಲ್ಲ... ಯಾಕ್ರೀ ಎರಡು ಪಾಲು? ಮೂರೇ ಮಾಡಿ."