ಸೋಮವಾರದ ಬಾವಿ

ಕೇದಾರಿಯ ಕೋಲಿಗೆ ನೆಲ ಸಿಗಲಿಲ್ಲ. ಹಿಂದಿದ್ದ ಕೆಂಪವ್ವ ಅವನ ಅಂಗಿ ಹಿಡಿದು ಜಗ್ಗದಿದ್ದರೆ ತಲೆಕೆಳಗಾಗಿ ಕುಣಿಗೆ ಬೀಳುತ್ತಿದ್ದ. ಜಗ್ಗಿದ ರಭಸಕ್ಕೆ ಅವಳ ಊರುಗೋಲು ಜಾರಿ, ಇಬ್ಬರೂ ಬದುವಿನ ಮೇಲೆ ಕುಕ್ಕರಿಸಿದರು.

"ಬಾವಿ ಇನ್ನಾ ಇಪ್ಪತ್ತ ಹೆಜ್ಜಿ ಐತೆಲ್ಲ! ಇದ್ಯಾವ ಹೊಸಾ ಕುಣಿ?" ಎಂದ ಕೇದಾರಿ. ಹುಟ್ಟುಗುರುಡ. ಆದರೆ ಈ ದಾರಿಯನ್ನು ಸೋಮವಾರಕ್ಕೊಮ್ಮೆ ಒಂಬತ್ತು ವರ್ಷ ತುಳಿದಿದ್ದ, ಒಮ್ಮೆಯೂ ಎಡವಿರಲಿಲ್ಲ.

ಕುಣಿಯೊಳಗಿಂದ ಮಣ್ಣು ಎಸೆಯುತ್ತಿದ್ದವನು ತಲೆ ಎತ್ತಿದ. "ಮಾಯಪ್ಪಗ ತೋಡಾಕತ್ತೇವಿ. ಶಿದ್ಲಿಂಗಪ್ಪಾರು ಬಾವಿ ಬಾಜೂಕ ತೋಡ್ರಿ ಅಂದ್ರು. ಅಂವಾ ಬಾವಿ ಮನಷ್ಯಾ ಅಲ್ಲೇನು?"

ಕೆಂಪವ್ವ ಕುಣಿಗೂ ಬಾವಿಗೂ ನಡುವಿನ ನೆಲವನ್ನು ಕಣ್ಣಲ್ಲೇ ಅಳೆದಳು.

ಮಾಯಪ್ಪ ಸತ್ತದ್ದು ಅದೇ ನಸುಕಿನಲ್ಲಿ, ಸೋಮವಾರವೇ. ಸೋಮವಾರ ಎತ್ತಿನ ಕೊರಳಿಗೆ ನೊಗ ಹಾಕಬಾರದೆಂದು ಮೇಲವಂಕಿಯ ಹೊಲಗಳಲ್ಲಿ ಎತ್ತು ಹೂಡಿ ನೀರೆತ್ತುವ ಕಪಿಲೆ ನಿಲ್ಲುತ್ತದೆ, ಬಾವಿಗಳು ಬಿಡುವಾಗಿರುತ್ತವೆ. ಆ ಬಿಡುವಿನಲ್ಲಿ ಮಾಯಪ್ಪ ತನ್ನ ಹೊಲದ ಬಾವಿಯಲ್ಲಿ ಕುಂಟರಿಗೆ, ಕುರುಡರಿಗೆ, ಕೈ ಕಳೆದುಕೊಂಡವರಿಗೆ ಈಜು ಕಲಿಸುತ್ತಿದ್ದ. ಈಗ ಹನ್ನೊಂದು ಮಂದಿ ಇದ್ದರು. ಅವರಿಗೆ ಬೇರೆ ಬಾವಿ ಇರಲಿಲ್ಲ. ಸುತ್ತಲಿನ ಯಾವ ರೈತನೂ ತನ್ನ ಬಾವಿಗೆ ಅವರನ್ನು ಇಳಿಸುತ್ತಿರಲಿಲ್ಲ. ಮುಳುಗಿ ಸತ್ತರೆ ಕಚೇರಿಗೆ ಅಲೆಯುವವರು ಯಾರು?

ಅಷ್ಟರಲ್ಲಿ ಶಿದ್ಲಿಂಗಪ್ಪನೇ ಬಂದ. ಮಾಯಪ್ಪನ ಅಣ್ಣ, ಮನೆಗೆ ಹಿರಿಯ. ಅತ್ತು ಕಣ್ಣು ಕೆಂಪಾಗಿದ್ದವು.

"ಬಾ ತಂಗಿ. ನೋಡು, ತಮ್ಮಗ ಇಲ್ಲೇ ಗದ್ದಗಿ ಕಟ್ಟಸ್ತೇನಿ. ಗೋಕಾವಿಯಿಂದ ಕಲ್ಲು ತರಸ್ತೇನಿ. ಅಂವಾ ಬದಕಿದ್ದಾಗ ಊರ ಮಂದಿ ನಕ್ಕರು, ನಾನೂ ಬೈದೆ. ಇನ್ನ ಎಲ್ಲಾರೂ ಬಂದು ಕೈ ಮುಗೀಲಿ. ಸೋಮವಾರಕ್ಕೊಮ್ಮಿ ದೀಪಾ, ಭಜನಿ. ಬಾವ್ಯಾಗ ಇನ್ನ ಯಾರೂ ಇಳ್ಯಾಂಗಿಲ್ಲ. ದೇವರ ನೀರು ಅದು." ಧೋತರದ ಚುಂಗಿನಿಂದ ಮೂಗೊರೆಸಿಕೊಂಡ. "ಮೊದಲಿನ ದೀಪಾ ನೀವ ಹಚ್ಚಬೇಕು. ನೀವಂದ್ರ ಅಂವಗ ಜೀವಾ."

"ಹೂಂ ರಿ," ಎಂದಳು ಕೆಂಪವ್ವ.

ಅವನು ಅತ್ತ ಹೋದ ಮೇಲೆ ಕೇದಾರಿ ಪಿಸುಗುಟ್ಟಿದ. "ಹೂಂ ಅಂದೇನ?"

"ಮತ್ತೇನನ್ನೂ? ಅವರ ತಮ್ಮನ ಹೆಣಾ ಇನ್ನಾ ಮನ್ಯಾಗ ಐತಿ. ಗದ್ದಗಿ ಬ್ಯಾಡ್ರಿ, ನಮಗ ಈಸ ಬೀಳಾಕ ಜಾಗಾ ಬಿಡ್ರಿ ಅನ್ನೂನೇನು?"

ಕೇದಾರಿ ಕೋಲಿನ ತುದಿಯಿಂದ ಕುಣಿಯ ಅಂಚನ್ನು ತಟ್ಟುತ್ತ ಕುಳಿತ. ಸಿಟ್ಟಿಗೇಳೋಣವೆಂದರೆ ತಪ್ಪು ಮಾಡಿದವರು ಯಾರೂ ಇರಲಿಲ್ಲ. ಕೆಂಪವ್ವನನ್ನು ಅದೇ ಹೆಚ್ಚು ಕೆಣಕಿತು.

* * *

ಒಂಬತ್ತು ವರ್ಷದ ಹಿಂದೆ, ಐವತ್ಮೂರರ ಬೇಸಿಗೆಯಲ್ಲಿ, ಕೆಂಪವ್ವ ಕೊಡದ ಸಮೇತ ಇದೇ ಬಾವಿಗೆ ಬಿದ್ದಿದ್ದಳು. ಐದನೆಯ ವಯಸ್ಸಿನ ಜ್ವರಕ್ಕೆ ಸಣಕಲಾದ ಎಡಗಾಲು ಮೆಟ್ಟಿಲ ಮೇಲೆ ಕೈಕೊಟ್ಟಿತ್ತು. ಕಪಿಲೆಯ ಎತ್ತು ಬಿಟ್ಟು ಮಾಯಪ್ಪ ಹಿಂದೆಯೇ ಧುಮುಕಿದ. ಊರಲ್ಲಿ ಬಾವಿಗೆ ಕೊಡ ಬಿದ್ದರೂ ಕರು ಬಿದ್ದರೂ ಅವನನ್ನೇ ಕರೆಯುತ್ತಿದ್ದರು, ಇಳಿದು ಎತ್ತುವುದು ಅವನಿಗೆ ರೂಢಿ.

ಆದರೆ ಈ ಹುಡುಗಿ ಮುಳುಗಿರಲಿಲ್ಲ. ಊರುಗೋಲು ಹಿಡಿದು ಹಿಡಿದು ಗಟ್ಟಿಯಾದ ಎರಡು ತೋಳುಗಳಿಂದ ನೀರನ್ನು ಬಡಿಯುತ್ತ, ಬಾವಿಯನ್ನೂ ತೋಡಿದವನನ್ನೂ ಬೈಯುತ್ತ ನಡುಬಾವಿಯಲ್ಲಿ ಇದ್ದಳು. ಮಾಯಪ್ಪ ಅವಳನ್ನು ಮುಟ್ಟದೆ ಸುತ್ತಲೂ ಒಂದು ಸುತ್ತು ಈಜಿದ.

"ತೋಳು ಭಾಳ ಗಟ್ಟಿ ಅದಾವಲ್ಲ ತಂಗಿ! ಇನ್ನೊಂದೆರಡ ಹೊಡಿ."

"ಮೊದಲ ನನ್ನ ತಗೀ! ನಿನ್ನ ಬಾಯಾಗ ಮಣ್ಣ ಹಾಕ!"

"ತಗೀತಿದ್ದೆ. ನೀ ಮುಳಗವಲ್ಲಿ, ಏನ ಮಾಡ್ಲಿ?"

ಮೆಟ್ಟಿಲಿಗೆ ಬಂದು ಅತ್ತಳು, ಅವನನ್ನು ಇನ್ನಷ್ಟು ಬೈದಳು, ಮನೆಗೆ ಹೋದಳು. ಆ ವಾರವೆಲ್ಲ ಒಂದೇ ವಿಚಾರ ಅವಳನ್ನು ಬಿಡಲಿಲ್ಲ: ನೀರಲ್ಲಿದ್ದಾಗ ಎಡಗಾಲು ಯಾವುದು, ಬಲಗಾಲು ಯಾವುದು ಎಂಬುದೇ ಗೊತ್ತಾಗಿರಲಿಲ್ಲ. ಮುಂದಿನ ಸೋಮವಾರ ಯಾರಿಗೂ ಹೇಳದೆ ಬಾವಿಗೆ ಬಂದಳು. ಮಾಯಪ್ಪ ನೀರಲ್ಲಿ ತೇಲುವ ಬೆಂಡಿನ ತುಂಡುಗಳನ್ನು ಹಗ್ಗಕ್ಕೆ ಪೋಣಿಸಿ, ಬೆನ್ನಿಗೊಂದು ಗಂಟು, ಎದೆಗೊಂದು ಗಂಟು ಹಾಕಿಕೊಳ್ಳುವುದನ್ನು ಕಲಿಸಿದ. ಕೇದಾರಿ ಬಂದ ಮೇಲೆ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ ಬಿಗಿದ. ಕಬ್ಬಿನ ಗಾಣಕ್ಕೆ ಬಲಗೈ ಕೊಟ್ಟಿದ್ದ ಅಂಕಲಗಿಯ ಉದ್ದಪ್ಪ ಒಂದೇ ಕೈಯಲ್ಲಿ ಸೈಕಲ್ ಹೊಡೆದುಕೊಂಡು ಬಂದು ಸೇರಿದ. ನಾಲ್ಕನೆಯ ತರಗತಿ ಪಾಸಾದ ಅವನೇ ಎಡಗೈಯಲ್ಲಿ ಹಲಗೆ ಬರೆದ: 'ಮೇಲವಂಕಿ ಅಂಗವಿಕಲರ ಈಜು ಹಾಗೂ ವ್ಯಾಯಾಮ ಸಂಘ'.

"ಇಷ್ಟ ಉದ್ದ ಯಾಕೋ? ಓದಿ ಮುಗಸೂದ್ರಾಗ ಮಂದಿ ಮುಳಗಿರ್ತಾರ," ಎಂದ ಮಾಯಪ್ಪ. ಆದರೂ ಹಲಗೆಯನ್ನು ಕಪಿಲೆಯ ಕಂಬಕ್ಕೆ ಬಡಿದ. ಸಂಘಕ್ಕೆ ಒಂದೇ ನಿಯಮ. ಇಳಿಯುವ ಮುಂಚೆ ಅವನು ಒಬ್ಬೊಬ್ಬರ ಹೆಸರು ಕೂಗಬೇಕು, ಇದ್ದೇನೆಂದು ತಿಳಿಸಲು ಅವರು "ಅದೇನಿ" ಅನ್ನಬೇಕು. ಹತ್ತಿ ಬಂದ ಮೇಲೆ ಮತ್ತೊಮ್ಮೆ.

ಹೆಣ್ಣುಮಗಳು ಕಚ್ಚೆ ಹಾಕಿ ಗಂಡಸರ ನಡುವೆ ಈಜುತ್ತಾಳೆ ಎಂದು ಊರು ಬಾಯಿ ಬಿಟ್ಟಿತು. ಮಾಯಪ್ಪನ ಹೆಂಡತಿ ಸತ್ತೆವ್ವ ಏನೂ ಅನ್ನಲಿಲ್ಲ. ಮುಂದಿನ ಸೋಮವಾರದಿಂದ ಮೊರದಲ್ಲಿ ಜೋಳ ತುಂಬಿಕೊಂಡು ಬಂದು, ಬಾವಿಯ ದಂಡೆಯ ಮೇಲೆ ಕೇರುತ್ತ ಕುಳಿತಳು. ಒಂಬತ್ತು ವರ್ಷ ಅಲ್ಲೇ ಕೇರಿದಳು. ಊರಿನ ಬಾಯಿ ಮುಚ್ಚಿತು.

* * *

ಮನೆಯ ಪಡಸಾಲೆಯಲ್ಲಿ ಮಾಯಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು. ದಮ್ಮು ಹೆಚ್ಚಾಗಿ ಮೂರು ತಿಂಗಳಿಂದ ಅವನಿಗೆ ಮಲಗಲಾಗುತ್ತಿರಲಿಲ್ಲ, ರಾತ್ರಿಯೆಲ್ಲ ಅದೇ ಗೋಡೆಗೆ ಒರಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದ. ಆಗಲೂ ಸೋಮವಾರ ಸಂಘದವರು ಅಂಗಳಕ್ಕೆ ಬಂದು, ಅವನಿಂದ ಹೆಸರು ಕೂಗಿಸಿಕೊಂಡೇ ಬಾವಿಗೆ ಹೋಗುತ್ತಿದ್ದರು. ಬಾವಿಯ ತಳ ಮುಟ್ಟಿ ಮಣ್ಣು ತರುತ್ತಿದ್ದ ಮನುಷ್ಯ.

ಕೆಂಪವ್ವ ಸತ್ತೆವ್ವನ ಪಕ್ಕ ಕುಳಿತಳು.

"ನೋಡ ಹೆಂಗ ಸಲೀಸ ಕುಂತಾರ," ಎಂದಳು ಸತ್ತೆವ್ವ. ಅವಳ ಅಳು ಮುಗಿದಿತ್ತು. "ಖರೆ ಹೇಳ್ಲೇನ ಕೆಂಪವ್ವಾ? ನಸಕಿನ್ಯಾಗ ಆ ಗೊರಗೊರ ನಿಂತ ಕೂಡ್ಲೇ ನನಗ ನಿದ್ದಿ ಬಂತು. ಅವರ ಕೈ ಹಿಡಕೊಂಡ ಹಂಗ ಒಂದ ಗಳಿಗಿ ಮಕ್ಕೊಂಡಬಿಟ್ಟೆ. ಪಾಪ ಹತ್ತತೈತೇನವಾ?"

"ಪಾಪ ಯಾಕ, ಕಾಕು? ಕಾಕಾಗೂ ನಿದ್ದಿ ಬಂತು, ನಿನಗೂ ಬಂತು."

ಸತ್ತೆವ್ವ ತಲೆಯಾಡಿಸಿದಳು. ಗಂಡನ ಕೊರಳ ಹೂವನ್ನು ಸರಿಪಡಿಸುತ್ತ, "ಇವತ್ತ ಸೋಮವಾರ ಅಲ್ಲೇನು? ಎಲ್ಲಾರೂ ಬಂದಾರೇನು?" ಎಂದು ಕೇಳಿದಳು.

"ಬಂದಾರ." ಕೆಂಪವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಕಾಕು, ಕುಣಿ ಬಾವಿ ಬಾಜೂಕ ತೋಡಾಕತ್ತಾರ."

"ಯಾರ ಹೇಳಿದ್ರು?"

"ದೊಡ್ಡ ಕಾಕಾರು. ಗದ್ದಗಿ ಕಟ್ಟಸ್ತಾರಂತ. ಸೋಮವಾರ ದೀಪಾ ಹಚ್ಚತಾರಂತ. ಬಾವ್ಯಾಗ ಯಾರೂ ಇಳೀಬಾರದಂತ." ಅಂದ ಮೇಲೆ ನಾಚಿಕೆಯಾಯಿತು. ಗಂಡ ಸತ್ತವಳ ಮುಂದೆ ಈಜಿನ ಮಾತು.

ಸತ್ತೆವ್ವ ಗಂಡನ ಮುಖವನ್ನೊಮ್ಮೆ ನೋಡಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದಳು. "ನಡಿ," ಎಂದಳು. ಹೆಂಗಸರು "ಎಲ್ಲಿಗೆ ಹೋಗ್ತಿ ಯವ್ವಾ, ಹೆಣಾ ಬಿಟ್ಟು?" ಎಂದು ಕೈ ಹಿಡಿದರು. "ಅವರೆಲ್ಲಿ ಓಡಿ ಹೋಗ್ತಾರ," ಎಂದು ಬಿಡಿಸಿಕೊಂಡಳು.

ಮದುವೆಯಾಗಿ ಬಂದ ಮೂವತ್ತು ವರ್ಷದಲ್ಲಿ ಸತ್ತೆವ್ವ ಗಂಡನ ಅಣ್ಣನ ಎದುರು ನಿಂತು ಮಾತಾಡಿದವಳಲ್ಲ. ಊಟಕ್ಕೆ ಕರೆಯುವುದಿದ್ದರೂ ನಡುವೆ ಒಬ್ಬರು ಬೇಕು. ಅಂದೂ ಕುಣಿಯ ಹತ್ತಿರ ಬಂದು, ಸೆರಗು ಎಳೆದುಕೊಂಡು, ಕಪಿಲೆಯ ಕಂಬದ ಕಡೆ ಮುಖ ಮಾಡಿ ನಿಂತಳು.

"ಕೇದಾರಿ, ಭಾವಾರಿಗೆ ಕೇಳು. ಕುಣ್ಯಾನ ಮಣ್ಣು ಮುಟ್ಟಿ ನೋಡ್ಯಾರೇನಂತ."

ಶಿದ್ಲಿಂಗಪ್ಪ ಎರಡು ಮಾರು ದೂರದಲ್ಲೇ ಇದ್ದ. ಕೇದಾರಿ ಅವನ ಕಡೆ ತಿರುಗಿ, "ಮಣ್ಣು ಮುಟ್ಟಿ ನೋಡೀರೇನು ಅಂತ ಕೇಳಾಕತ್ತಾಳ್ರಿ," ಎಂದ.

"ಮಣ್ಣಿಗೇನಾಗೇತಂತ ಕೇಳು."

"ಮಣ್ಣಿಗೇನಾಗೇತಂತ..."

"ಕೇಳಿಸ್ತು. ನೀ ಇಳದು ನೋಡು," ಎಂದಳು ಸತ್ತೆವ್ವ.

ಕೇದಾರಿ ಕುಣಿಗೆ ಕಾಲು ಬಿಟ್ಟು ಇಳಿದ. ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದ, ಮೂಸಿದ. "ಹಸಿ ಐತ್ರಿ. ಬಾವಿ ಸೆಲಿ ಇಲ್ಲೀತನಕ ಬಂದೈತಿ."

ಸತ್ತೆವ್ವ ಕಂಬವನ್ನು ಬಿಟ್ಟು ಭಾವನ ಕಡೆಗೇ ತಿರುಗಿದಳು. ಗುದ್ದಲಿಗಳು ನಿಂತವು.

"ಭಾವಾರ, ಥಂಡಿ ಹತ್ತಬಾರದಂತ ಮೂರ ತಿಂಗಳ ಅವರನ್ನ ನಾ ಬಾವಿ ಕಡೆ ಹಾಯಗೊಟ್ಟಿಲ್ರಿ. ಅಂಗಳಕ್ಕ ಸೈತ ಕಂಬಳಿ ಹೊಚ್ಚೇ ಕಳಸೇನಿ. ಈಗ ಈ ಹಸಿ ಮಣ್ಣಾಗ ಕುಂಡ್ರಸ್ತೀರೇನು? ರಾತ್ರಿಯೆಲ್ಲಾ ಕೆಮ್ಮತಾರ್ರಿ."

ಸತ್ತವರು ಕೆಮ್ಮುವುದಿಲ್ಲ ಎನ್ನಲು ಶಿದ್ಲಿಂಗಪ್ಪ ಬಾಯಿ ತೆರೆದ. ಆದರೆ ಅಣ್ಣತಮ್ಮಂದಿರ ಮನೆಗೆ ನಡುವೆ ಒಂದೇ ಗೋಡೆ. ಆ ಕೆಮ್ಮನ್ನು ಮೂರು ತಿಂಗಳು ಅವನೂ ಕೇಳಿದ್ದ. ಗೋಡೆಯಾಚೆ ತಮ್ಮ ಒದ್ದಾಡುವಾಗ ಈಚೆ ಎದ್ದು ಕೂತು, ಏನೂ ಮಾಡಲಾಗದೆ ಬೆಳಗು ಮಾಡಿದ್ದ.

"ಎಲ್ಲಿ ಮತ್ತ?" ಎಂದ ಕೊನೆಗೆ.

"ಮ್ಯಾಲಿನ ಹೊಲದಾಗ, ಬನ್ನಿಗಿಡದ ಕೆಳಗ. ಮಡ್ಡಿ ಮಣ್ಣು, ಹಸಿ ಇರಂಗಿಲ್ಲ. ಹೊತ್ತ ಮುಳಗೂತನಕ ಬಿಸಲು ಇರತೈತಿ."

"ದೀಪಾ?"

"ಅಲ್ಲೇ ಹಚ್ರಿ. ಯಾರ ಬ್ಯಾಡಂದಾರ?"

ಶಿದ್ಲಿಂಗಪ್ಪ ಕುಣಿಯನ್ನು ನೋಡಿದ, ಬನ್ನಿಗಿಡವನ್ನು ನೋಡಿದ. "ಆತು. ಆದ್ರ ತೋಡಿದ ಕುಣಿ ಖಾಲಿ ಮುಚ್ಚಬಾರದವಾ. ಮನ್ಯಾಗಿನ ಇನ್ನೊಬ್ಬರನ್ನ ಬೇಡತೈತಿ." ಮನೆಯಲ್ಲಿ ಈಗ ಹಿರಿಯನೆಂದರೆ ತಾನೇ ಎಂಬುದು ಅವನ ದನಿಯಲ್ಲೇ ಇತ್ತು.

ಸತ್ತೆವ್ವ ಮನೆಗೆ ಹೋಗಿ ಬಂದಳು. ತೋಳಲ್ಲಿ ಮಾಯಪ್ಪನ ಕಂಬಳಿ, ಅರ್ಧ ಉಳಿದ ಕೆಮ್ಮಿನ ಔಷಧದ ಬಾಟಲಿಗಳು, ಬೂದಿ ತುಂಬಿದ ಉಗುಳುವ ಕುಡಿಕೆ. ಬಗ್ಗಿ ಒಂದೊಂದನ್ನೇ ಕುಣಿಗೆ ಬಿಟ್ಟಳು.

"ದಮ್ಮು ಇಲ್ಲಿರಲಿ. ಅವರು ಅಲ್ಲಿರಲಿ," ಎಂದಳು.

ಉದ್ದಪ್ಪ ಎಡಗೈಯಲ್ಲೇ ಮೊದಲ ಬುಟ್ಟಿ ಮಣ್ಣು ಸುರುವಿದ. ಕುಣಿ ಮುಚ್ಚಿದ ಮೇಲೆ ಕೆಂಪವ್ವ ಊರುಗೋಲಿನಿಂದ ನೆಲವನ್ನು ದಮ್ಮಸು ಮಾಡಿದಳು, ಬೇಕಾದದ್ದಕ್ಕಿಂತ ಜೋರಾಗಿಯೇ. ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಈಗ ಅಳಬಹುದಿತ್ತು.

* * *

ಬನ್ನಿಗಿಡದ ಕೆಳಗೆ ಎಲ್ಲ ಮುಗಿದಾಗ ಹೊತ್ತು ಇಳಿಮುಖವಾಗಿತ್ತು. ಮಣ್ಣು ಕೊಟ್ಟು ಬಂದವರು ಮೈ ತೊಳೆಯದೆ ಮನೆ ಹೊಗುವಂತಿಲ್ಲ. ಪುಷ್ಯದ ಚಳಿ ಆಗಲೇ ಕಾಲಿಗೆ ಹತ್ತುತ್ತಿತ್ತು. ಊರವರು ಮೆಟ್ಟಿಲ ಮೇಲೆ ಕೂತು ಎರಡು ಬೊಗಸೆ ನೀರು ಸುರಿದುಕೊಂಡು ನಡುಗುತ್ತ ಹೋದರು. ಸಂಘದವರು ಬೆಂಡು ಕಟ್ಟಿಕೊಂಡು ನಿಂತರು.

ಆದರೆ ಯಾರೂ ಇಳಿಯಲಿಲ್ಲ. ಹೆಸರು ಕೂಗುವವನು ಇರಲಿಲ್ಲ. ಉದ್ದಪ್ಪ ಕೆಮ್ಮಿದ, ಕೇದಾರಿ ಹಗ್ಗದ ತುದಿಯನ್ನು ಹಿಡಿದು ಎಳೆದೆಳೆದು ನೋಡಿದ.

ದಂಡೆಯ ಮೇಲೆ, ಜೋಳ ಕೇರುವ ಜಾಗದಲ್ಲಿ, ಸತ್ತೆವ್ವ ಬಂದು ಕುಳಿತಿದ್ದಳು.

"ಕೇದಾರಿ!" ಎಂದು ಕೂಗಿದಳು.

ಕೇದಾರಿ ದನಿ ಬಂದತ್ತ ತಿರುಗಿದ. "ಅದೇನಿ!"

"ಉದ್ದಪ್ಪಾ!"

"ಅದೇನಿ!"

ಹನ್ನೊಂದು ಹೆಸರೂ ಅವಳಿಗೆ ಬಾಯಿಪಾಠವಿದ್ದವು, ಮಾಯಪ್ಪ ಕೂಗುತ್ತಿದ್ದ ಸಾಲಿನಲ್ಲೇ. ಕೆಂಪವ್ವನೊಬ್ಬಳನ್ನು ಬಿಟ್ಟು ಒಬ್ಬೊಬ್ಬರೇ ನೀರಿಗೆ ಬಿದ್ದರು.

ಕೆಳಗಿನ ಮೆಟ್ಟಿಲಲ್ಲಿ ಊರವರ ಪೈಕಿ ಶಿದ್ಲಿಂಗಪ್ಪ ಒಬ್ಬನೇ ಉಳಿದಿದ್ದ. ಅರವತ್ತು ವರ್ಷದಲ್ಲಿ ಅವನು ಮೊಣಕಾಲು ಮೀರಿ ನೀರಿಗೆ ಇಳಿದವನಲ್ಲ, ತಮ್ಮನೇ ಕೊಡ ತುಂಬಿ ಮೇಲೆ ತಂದುಕೊಡುತ್ತಿದ್ದ. "ಒಂದ ಕೊಡಾ ನೀರು ತಂದ ಹಾಕ್ರಿ," ಎಂದ.

"ಕೊಡಾ ಎಲ್ಲೈತ್ರಿ? ಸೂತಕದ ಮನ್ಯಾಗಿಂದು ಮುಟ್ಟಂಗಿಲ್ಲ," ಎಂದಳು ಕೆಂಪವ್ವ. ಅವಳ ಕೈಯಲ್ಲಿ ಕಂಬಕ್ಕೆ ನೇತುಹಾಕಿದ್ದ ಮಾಯಪ್ಪನ ಬೆಂಡು ಇತ್ತು. "ಕೈ ಎತ್ರಿ, ದೊಡ್ಡ ಕಾಕಾ."

"ಏ, ಹುಚ್ಚಿ! ನನಗ ಈಸು ಬರಂಗಿಲ್ಲ."

"ನನಗ ಬರತಿತ್ತೇನ್ರಿ?"

ಅವನು ತಲೆಯ ರುಮಾಲು ತೆಗೆದ. ಇಡುವ ಜಾಗಕ್ಕೆ ಅತ್ತಿತ್ತ ನೋಡಿ, ಮೆಟ್ಟಿಲ ಮೇಲೆ ಕೆಂಪವ್ವನ ಊರುಗೋಲು ಮತ್ತು ಕೇದಾರಿಯ ಕೋಲಿನ ನಡುವೆ ಇಟ್ಟ. ಕೈ ಎತ್ತಿದ. ಕೆಂಪವ್ವ ಬೆನ್ನಿಗೊಂದು, ಎದೆಗೊಂದು ಗಂಟು ಬಿಗಿದಳು. ಶಿವಶಿವಾ ಎನ್ನುತ್ತ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಅವನು ಮೆಟ್ಟಿಲು ಬಿಟ್ಟ. ಧೋತರ ಗಾಳಿ ತುಂಬಿ ಸುತ್ತಲೂ ಉಬ್ಬಿತು. ಅವನು ಮುಳುಗಲಿಲ್ಲ. ಕಣ್ಣು ಬಿಟ್ಟ, ಸುತ್ತ ನೋಡಿದ. ಚಳಿಗಾಲದ ಬಾವಿ ಸಣ್ಣಗೆ ಹಬೆಯಾಡುತ್ತಿತ್ತು.

"ಸತ್ತೆವ್ವಾ!" ಎಂದು ಅಲ್ಲಿಂದಲೇ ಕೂಗಿದ, ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ಹಿಡಿದು. "ಎಲ್ಲೈತವಾ ಥಂಡಿ? ನೀರು ಬೆಚ್ಚಗ ಅದಾವಲ್ಲ!"

ಬಾವಿಯಲ್ಲಿದ್ದವರೆಲ್ಲ ಕೈಯಾಡಿಸುವುದನ್ನು ನಿಲ್ಲಿಸಿದರು. ಸತ್ತೆವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಬಾವಿಗೆ ಬೆನ್ನು ಮಾಡಿ ಕುಳಿತಳು.

"ಕೇದಾರಿ, ಭಾವಾರಿಗೆ ಹೇಳು," ಎಂದಳು. "ಮಾತ ಸಾಕು, ಕೈ ಹೊಡೀರಿ ಅಂತ."