ಕಲೆಯಿಲ್ಲದ ಬಟ್ಟೆ

ಮೀನಾಕ್ಷಮ್ಮ ಹಳ್ಳದ ಕೆಳಗಿನ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ನಮ್ಮೂರಿನಲ್ಲಿ ತಿಂಗಳ ಮುಟ್ಟಿಗೆ ಹೊರಗಾದವರು ಒಗೆಯುವುದು ಆ ಕಲ್ಲಿನ ಮೇಲೆ. ಉಳಿದವರಿಗೆ ಮೇಲಿನ ಕಲ್ಲು. ನಾನು ಮೇಲಿದ್ದೆ. ಅವಳು ಕುಕ್ಕಿದಳು, ಹಿಂಡಿದಳು, ಮತ್ತೆ ಕುಕ್ಕಿದಳು. ನೀರು ಮಾತ್ರ ತಿಳಿಯಾಗಿಯೇ ಹರಿಯುತ್ತಿತ್ತು.

ಸಂಕ್ರಾಂತಿ ಕಳೆದ ಚಳಿ. ಅಂಥದ್ದರಲ್ಲಿ ಅವಳ ಹಣೆಯ ತುಂಬ ಬೆವರು. ಮುಖ ಕೆಂಪಗೆ. ಸೆರಗು ಸರಿಸಿ ಕುತ್ತಿಗೆಗೆ ತಣ್ಣೀರು ಹಾಕಿಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ನರ್ಸ್ ತಾಹಿರಾ ಹಳ್ಳದ ಮೇಲಿನ ಮರದ ಸಂಕ ದಾಟಿ ಬಂದರು. ಅವರು ಸಕಲೇಶಪುರದವರು. ಬಾಣಂತಿಯರನ್ನು ನೋಡಲು ಪಾಳ್ಯದವರೆಗೆ ಬಸ್ಸಿನಲ್ಲಿ, ಅಲ್ಲಿಂದ ನಡೆದು ಬರುತ್ತಿದ್ದರು.

“ಏನಮ್ಮಾ, ಈ ಚಳೀಲಿ ಬೆವರ್ತಿದ್ದೀಯ? ಜ್ವರನಾ?”

“ಏನಿಲ್ಲ ನರ್ಸಮ್ಮ. ಹೊರಗಾಗಿದೀನಿ, ದೂರ ನಿಂತ್ಕಳಿ.”

“ಹೆರಿಗೆ ಮಾಡಿಸೋಳಿಗೆ ಯಾವ ಮೈಲಿಗೆ?” ಎಂದು ತಾಹಿರಾ ಕೆಳಗಿಳಿದು ಅವಳ ಕೈ ಹಿಡಿದು ನೋಡಿದರು. ಆಮೇಲೆ ಬಟ್ಟೆ ನೋಡಿದರು. “ಇದ್ರಲ್ಲಿ ಕಲೆಯೇ ಇಲ್ವಲ್ಲ?”

ಮೀನಾಕ್ಷಮ್ಮ ತಲೆ ಎತ್ತಲಿಲ್ಲ.

“ನಿಂತೋಗಿ ವರ್ಸದ ಮೇಲಾಯ್ತು. ಯಾರ್ಗೂ ಹೇಳ್ಬ್ಯಾಡಿ, ನಿಮ್ ಕಾಲಿಗೆ ಬೀಳ್ತೀನಿ.”

ಅವಳಿಗೆ ಮೂವತ್ತಮೂರು ವರ್ಷ. ಇರುವವಳು ಒಬ್ಬಳೇ ಮಗಳು. ಗಂಡು ಮಗು ಆಗದಿದ್ದರೆ ಬೆಳಗೋಡಿನಿಂದ ಇನ್ನೊಂದು ಹೆಣ್ಣು ತರುತ್ತೇನೆಂದು ಅತ್ತೆ ನಂಜಮ್ಮ ಊರಿಗೆಲ್ಲ ಹೇಳಿದ್ದಳು. ಸೊಸೆ ತಿಂಗಳು ತಿಂಗಳು ಹೊರಗೆ ಕೂತರೆ ಇನ್ನೂ ಆಸೆ ಇದೆ ಎಂದು ಅರ್ಥ. ಅದಕ್ಕೇ ಇವಳು ಸುಳ್ಳು ಸುಳ್ಳೇ ಹೊರಗೆ ಕೂರುತ್ತಿದ್ದಳು. ಅವಳ ನಾಚಿಕೆ ಕಂಡು ನಾನೂ ನೆಲ ನೋಡಿದೆ.

“ಏನು ನಿಂತೋಗಿದ್ದು?” ಹಿಂದಿನಿಂದ ದನಿ ಬಂತು. ಬಾಳೆಲೆಯಲ್ಲಿ ರೊಟ್ಟಿ ಹಿಡಿದು ನಂಜಮ್ಮ ನಿಂತಿದ್ದಳು. “ಹಂಗಾರೆ ಬಸುರಿ ಕಣ್ರೀ ನರ್ಸಮ್ಮ, ಸರಿಯಾಗಿ ನೋಡಿ!”

“ವರ್ಷದ ಮೇಲಾಯ್ತಂತೆ ನಂಜವ್ವ. ಅಷ್ಟು ದಿನ ಹೊರೋದು ಕಾಡಿನ ಆನೆ ಮಾತ್ರ.”

“ನಂಗೆ ಐವತ್ತಕ್ಕೆ ನಿಂತಿದ್ದು. ಇವ್ಳಿಗೆ ಈಗ್ಲೇ ಅಂದ್ರೆ? ಯಾವ ಶಾಪ ಇದು?”

“ಶಾಪ ಅಲ್ಲ, ಅವಳ ತಪ್ಪೂ ಅಲ್ಲ. ಕೆಲವರಿಗೆ ಬೇಗ ನಿಲ್ಲುತ್ತೆ, ಈ ಬೆವರೂ ಅದಕ್ಕೇ. ಆದ್ರೆ ನಲವತ್ತರೊಳಗೆ ನಿಂತ್ರೆ ಡಾಕ್ಟರಿಗೆ ತೋರಿಸ್ಲೇಬೇಕು. ಒಳಗೆ ಬೇರೆ ಕಾಯಿಲೆ ಇದ್ರೂ ಇರಬಹುದು. ಸುಮ್ನೆ ಬಿಟ್ರೆ ಮೂಳೆ ಬಲ ಹೋಗುತ್ತೆ. ನಿನ್ನ ಅಕ್ಕ ತಂಗೀರಿಗೂ ಹೀಗಾಗಿದ್ಯಾ ಮೀನಾಕ್ಷಮ್ಮ? ಮನೆತನದಲ್ಲಿ ಬರೋದೂ ಉಂಟು.”

ಆಗ ಅವಳು ಬಿಕ್ಕುತ್ತ ಹೇಳಿದಳು. ಆಲೂರಿಗೆ ಕೊಟ್ಟ ತಂಗಿ ಸುಮಿತ್ರ ದೀಪಾವಳಿಗೆ ಬಂದಾಗ ಒಲೆ ಮುಂದೆ ಪಿಸುಗುಟ್ಟಿದ್ದಳು: “ಅಕ್ಕಾ, ನಂಗೆ ತಪ್ಪಿ ತಪ್ಪಿ ಆಗ್ತೈತೆ. ನಿಂಗೆಂಗೆ?” ಇವಳು “ಕಾಗದ ಬರೆಸ್ತೀನಿ” ಎಂದು ಜಾರಿಕೊಂಡಿದ್ದಳು. ಬರೆಸಲು ಯಾರ ಮುಂದಾದರೂ ಬಾಯಿ ಬಿಡಬೇಕಲ್ಲ!

ನಂಜಮ್ಮ ಸೊಸೆಯ ಕಡೆ ತಿರುಗಿದಳು.

“ಈ ಚಳೀಲಿ ಕೊಟ್ಟಿಗೆ ಜಗಲೀಲಿ ಮಲಗ್ತಿದ್ಯಲ್ಲ. ನನ್ ಹೆದ್ರಿಕೆಗಾ?”

ದೂರದಿಂದ ಎಲೆ ಇಟ್ಟು ಹೋಗುತ್ತಿದ್ದ ಮುದುಕಿ ಅವತ್ತು ಕೆಳಗಿನ ಕಲ್ಲಿಗೆ ಇಳಿದು ಬಂದು ರೊಟ್ಟಿಯನ್ನು ಸೊಸೆಯ ಕೈಗೇ ಕೊಟ್ಟಳು. ಆಮೇಲೆ ಸೆರಗಿನಿಂದ ತನ್ನ ಮುಖ ಮುಚ್ಚಿಕೊಂಡಳು.

ಮನೆಯಲ್ಲಿ ಗಂಡ ಭೂತಯ್ಯ ಎಲ್ಲ ಕೇಳಿದ. “ನಂಗೆ ಮಗಳವ್ಳೆ, ಸಾಕು. ಬೆಳಗೋಡಿನ ಮಾತು ಇನ್ನೆತ್ಬ್ಯಾಡ ಕಣವ್ವ. ನಾಳೆ ಬಸ್ಸಿಗೆ ಸಕಲೇಶಪುರಕ್ಕೆ ಹೋಗನ.”

ಆಸ್ಪತ್ರೆಯಲ್ಲಿ ಮೀನಾಕ್ಷಮ್ಮ ಗೋಡೆ ಕಡೆ ತಿರುಗಿ ಕೂತಳಂತೆ. ಡಾಕ್ಟರಿಗೆ ಎಲ್ಲ ಹೇಳಿದವಳು ನಂಜಮ್ಮನೇ. ಬೇರೆ ಕಾಯಿಲೆ ಇರಲಿಲ್ಲ. ಔಷಧಿ ಕೊಟ್ಟರು. ಹಾಲು, ರಾಗಿ, ಸೊಪ್ಪು, ಎಳ್ಳು ತಪ್ಪಿಸಬೇಡಿ ಎಂದರು. ನಿಂತುಹೋದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ಬನ್ನಿ ಎಂದೂ ಹೇಳಿ ಕಳಿಸಿದರು.

ಮಹಿಳಾ ಸಮಾಜದ ಅಕ್ಕಂದಿರೇ, ತಾಯಂದಿರೇ, ಮೀನಾಕ್ಷಮ್ಮ ಒಪ್ಪಿದ ಮೇಲೇ ಇದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಇದು ನಿಮ್ಮ ಮನೆಯಲ್ಲೂ ಇರಬಹುದು. ಮುಟ್ಟು ಬೇಗ ನಿಂತ ಹೆಣ್ಣು ಬಂಜರು ನೆಲವಲ್ಲ. ಅವಳನ್ನು ಅನ್ನಬೇಡಿ, ಆಡಿಕೊಳ್ಳಬೇಡಿ. ವಯಸ್ಸಿಗೆ ಮುಂಚೆ ಏರುಪೇರಾದರೆ ಮುಚ್ಚಿಡಬೇಡಿ, ನರ್ಸಮ್ಮನನ್ನು ಕೇಳಿ. ಅತ್ತೆಯರೇ, ಮೊದಲು ಬಾಯಿ ತೆರೆಯಬೇಕಾದವರು ನೀವು.

ಕೊನೆಗೆ ತಂಗಿಗೆ ಕಾಗದ ಬರೆದುಕೊಟ್ಟವಳು ನಾನು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ನಿಧಾನ. ಮೀನಾಕ್ಷಮ್ಮ ನಮ್ಮ ಜಗಲಿಯ ಕಂಬದ ಹಿಂದೆ ಕೂತು ಹೇಳಿದಳು: “ಸುಮಿತ್ರಾ, ನನಗೂ ನಿಂತಿದೆ. ನೀನು ಕೇಳಿದಾಗಲೇ ಹೇಳಬೇಕಿತ್ತು. ಹೆದರಬೇಡ. ಬಾ, ಡಾಕ್ಟರಿಗೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ.”

ಕಾರ್ಡಾದರೆ ಊರೆಲ್ಲ ಓದುತ್ತದೆಂದು ಲಕೋಟೆ ತಂದಿದ್ದಳು. ಅನ್ನದ ಅಗುಳಿನಿಂದ ಅಂಟಿಸಿದೆವು.

“ನೀವೇ ಹಾಕ್ಬುಡಿ ದೊಡ್ಡವ್ವ,” ಎಂದಳು. ಪಾಳ್ಯದ ಅಂಚೆ ಡಬ್ಬಿಯ ಹತ್ತಿರ ಬಂದಾಗ ಅವಳೇ ಅದನ್ನು ನನ್ನ ಕೈಯಿಂದ ಇಸಕೊಂಡಳು. ಸುತ್ತ ಒಮ್ಮೆ ನೋಡಿದಳು. ಬಸ್ಸಿಗೆ ಕಾಯುವವರು ನೋಡುತ್ತಲೇ ಇದ್ದರು. ಅವಳು ಡಬ್ಬಿಗೆ ಹಾಕಿದಳು.