ಕಟ್ಟೆ ಏರಿದ ಹೊಳೆಹನುಮ

ಉಗಾರದ ಕೆಳಗೆ ಕೃಷ್ಣೆಯ ದಂಡೆಯಲ್ಲಿರುವ ಆ ಸಣ್ಣ ಊರನ್ನು ಕಾಯುವವನು ಹೊಳೆಹನುಮ. ಮುತ್ತಜ್ಜರ ಕಾಲದಿಂದ ಘಾಟಿನ ಕೆಳಮೆಟ್ಟಿಲ ಮೇಲೆ ನಿಂತ ಕಲ್ಲು. ನೀರು ಅವನ ಪಾದ ಮುಟ್ಟಿತೆಂದರೆ ದಂಡೆಗೆ ಅಂಟಿದ ಕೆಳಗಲ್ಲಿಯ ಹೆಂಗಸರು ಹೊಳೆಗೆ ಉಡಿ ತುಂಬಿ, ದನ ಬಿಚ್ಚಿಕೊಂಡು ದಿಬ್ಬ ಹತ್ತುತ್ತಿದ್ದರು. ತಹಸೀಲ್ದಾರ ಹೇಳಲಿ, ಪೊಲೀಸರು ಕೂಗಲಿ, ಪಾದ ಮುಟ್ಟದೆ ಒಬ್ಬರೂ ಕದಲುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಜೀರ್ಣೋದ್ಧಾರ ಕಮಿಟಿಯ ಅಧ್ಯಕ್ಷ ಕಾಕಾಸಾಹೇಬನಿಗೆ ಊರಿನ ಹಳೇ ವೈಭವ ತಲೆಗೇರಿತು. ದೇವರು ಕೆಸರಲ್ಲಿ ನಿಲ್ಲುವುದೆಂದರೇನು? ಎದೆಮಟ್ಟದ ಕಟ್ಟೆ ಕಟ್ಟಿಸಿ, ಗ್ರಾನೈಟ್ ಹಾಸಿ, ಹನುಮನನ್ನು ಮೇಲೆ ಎತ್ತಿ ನಿಲ್ಲಿಸಿದ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಒಬ್ಬನ ತಲೆಗಾದರೂ ಏನಾದರೂ ಹೊಳೆಯಬೇಕಲ್ಲ!

ಈಗ ಹೊಳೆ ಕೆಂಪಗೆ ಉಕ್ಕಿತ್ತು. ದಿಬ್ಬದ ಮೇಲೆ ಚಹಾ ಕುಡಿಯುತ್ತಿದ್ದ ಕಾಕಾಸಾಹೇಬನ ಹತ್ತಿರ ದೋಣಿ ನಡೆಸುವ ಫಿರೋಜ ಓಡಿ ಬಂದ.

"ಕಾಕಾ, ಕೆಳಗಲ್ಲಿಗೆ ನೀರ ಹೊಕ್ಕೈತ್ರಿ. ಮಂದಿ ಆರಾಮ ಕುಂತಾರ. ಪಾದ ಇನ್ನಾ ಮುಟ್ಟಿಲ್ಲ ಅಂತಾರ!"

"ಮುಟ್ಟಿಲ್ಲಂದ್ರ ನೀ ಯಾಕ ಹೊಯ್ಕೋತಿಲೇ?"

"ಹೆಂಗ ಮುಟ್ಟತೈತ್ರಿ? ನೀವ ಎತ್ತಿ ಮ್ಯಾಲ ಇಟ್ಟೀರಲ್ಲ!"

ಕಾಕಾಸಾಹೇಬ ಚಹಾ ಅಲ್ಲೇ ಬಿಟ್ಟು ದೋಣಿಯತ್ತ ಓಡಿದ. ಕೆಳಗಲ್ಲಿಯ ಕೊನೆಯ ಮನೆ ಅವನ ಅಕ್ಕ ಸುಂದರಾಳದು.

ದೋಣಿ ಅಲ್ಲಿಗೆ ಮುಟ್ಟಿದಾಗ ನೀರು ಹೊಸ್ತಿಲಿಗೆ ಬಂದಿತ್ತು. ಸುಂದರಾ ಬಾಗಿಲಲ್ಲಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದಳು.

"ಅಕ್ಕಾ, ಲಗೂನ ಹತ್ತ!"

"ಸುಮ್ನಿರಲೇ, ಅಂಜಬುರುಕಾ. ಅಲ್ಲಿ ಕಾಣತಾನ ನೋಡ ಹನುಮಪ್ಪ. ಪಾದ ಒಣಗೈತಿ. ಎಮ್ಮಿ ಇವತ್ತೋ ನಾಳೆನೋ ಈಯೂದೈತಿ, ಬಿಟ್ಟ ಎಲ್ಲಿ ಬರ್ಲಿ?"

"ನಾ ಎತ್ತರ ಮಾಡೇನಿ ಅಕ್ಕಾ! ಹಳೇ ಜಾಗಾದಾಗ ಇದ್ದಿದ್ರ ಇಷ್ಟೊತ್ತಿಗೆ ಎದಿತನಾ ಮುಳಗತಿದ್ದ!"

ಸುಂದರಾಳ ಬಾಯಿ ಜಗಿಯುವುದನ್ನು ನಿಲ್ಲಿಸಿತು.

"ಮತ್ತ ಮುಂಜಾನಿ ಯಾಕ ಹೇಳಲಿಲ್ಲೋ?"

 ಅವಳು ಎಮ್ಮೆಯ ಹಗ್ಗ ಬಿಚ್ಚಲು ಒಳಗೆ ಓಡಿದಳು. ನೆನೆದ ಮಣ್ಣಿನ ಗೋಡೆ ಅಷ್ಟರಲ್ಲೇ ಕುಸಿಯಿತು; ಅದರ ಹಿಂದೆಯೇ ಇಡೀ ಮಾಳಿಗೆ. ಎಮ್ಮೆ ಒಮ್ಮೆ ಕೂಗಿತು. ನೀರಿಗೆ ಹಾರಹೊರಟ ಕಾಕಾಸಾಹೇಬನನ್ನು ಫಿರೋಜ ಸೊಂಟ ಹಿಡಿದು ಕೆಡವಿದ.

"ಅಕ್ಕಾಗ ಆಯುಷ್ಯ ಇರಲಿಲ್ರಿ. ಉಳದಾವ್ರನ್ನರೆ ನೋಡೂಣ."

ದೋಣಿ ಮುಂದಿನ ಓಣಿಗೆ ತಿರುಗಿತು. ಆ ಓಣಿಯ ರೂಪಾಲಿ ಕೂಸನ್ನು ಬಗಲಲ್ಲಿ ಹೊತ್ತು ತನ್ನ ಮನೆಯ ಜಗಲಿಯ ಮೇಲೆ ನಿಂತಿದ್ದಳು.

"ಪಾದ ಮುಟ್ಟೈತೇನ್ರಿ ಮಾಮಾ?"

ಕಾಕಾಸಾಹೇಬ ಕೂಸಿಗೆ ಕೈ ಚಾಚಿದ.

"ಮುಟ್ಟೈತವಾ," ಎಂದ. "ಹತ್ತ."